ಎಲ್ಲರಿಗೂ ಬಿ ಪ್ಲಸ್

ವಿಶೇಷ ಅಗತ್ಯವುಳ್ಳ ಮಗುವನ್ನು ನಮ್ಮ ವ್ಯವಸ್ಥೆ ಮನಸ್ಸಿಟ್ಟು ಅಳೆಯುವುದು ಒಂದೇ ಸಲ, ಅದಕ್ಕೆ ಏನೇನು ಆಗುವುದಿಲ್ಲ ಎಂದು ತಿಳಿಯಲು. ವೈದ್ಯರ ಮುಂದೆ ಕೂರಿಸಿ, ಅಂಗವೈಕಲ್ಯದ ಶೇಕಡಾವಾರು ಲೆಕ್ಕ ಹಾಕಿ, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಕೊಡುತ್ತಾರೆ. ಸವಲತ್ತಿಗೆ ಕನಿಷ್ಠ ಶೇ 40 ಬೇಕು. ಎಸ್ಸೆಸ್ಸೆಲ್ಸಿ ಇದಕ್ಕಿಂತ ಕಡಿಮೆ ಅಂಕಕ್ಕೆ ಪಾಸಾಗುತ್ತದೆ!

ಇನ್ನು ಮಗು ಏನು ಕಲಿತಿತು ಎಂಬ ಪ್ರಶ್ನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಕಲಮು, ಇಂಥ ಪ್ರತಿ ವಿದ್ಯಾರ್ಥಿಯ ಪ್ರಗತಿಯ ಮೇಲೂ ನಿಗಾ ಇಡಬೇಕೆನ್ನುತ್ತದೆ. ಇಡುತ್ತಿದ್ದೇವಲ್ಲ! ವರ್ಷಕ್ಕೆ ಕಲಿಕೆಯ ನಡುನಡುವೆ ನಾಲ್ಕು ರೂಪಣಾತ್ಮಕ, ಅವಧಿಯ ಕೊನೆಗೆ ಎರಡು ಸಂಕಲನಾತ್ಮಕ ಮೌಲ್ಯಮಾಪನ. ಆರಕ್ಕೆ ಆರೂ ಸಲ ‘ಬಿ ಪ್ಲಸ್’. ‘ಎ’ ಕೊಟ್ಟರೆ ಮೇಲಿನವರು ಹುಬ್ಬೇರಿಸುತ್ತಾರೆ, ‘ಸಿ’ ಕೊಟ್ಟರೆ ಕಾರಣ ಕೇಳುತ್ತಾರೆ. ‘ಬಿ ಪ್ಲಸ್’ ಕೊಟ್ಟರೆ ಎಲ್ಲರೂ ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಾರೆ.

ಪ್ರತಿ ಮಗುವಿಗೂ ಒಂದು ‘ವೈಯಕ್ತಿಕ ಶಿಕ್ಷಣ ಯೋಜನೆ’ಯೂ ಇದೆ. ಜೆರಾಕ್ಸ್ ಅಂಗಡಿಯವನ ದಯೆಯಿಂದ ಅದು ಎಲ್ಲರಿಗೂ ಒಂದೇ. ಕಿವಿ ಕೇಳದ ಹುಡುಗಿ ಅದರಲ್ಲಿ ‘ಶಿಶುಗೀತೆ ಆಲಿಸಿ ಆನಂದಿಸುತ್ತಾಳೆ’. ಕಣ್ಣು ಕಾಣದ ಹುಡುಗ ‘ಚಿತ್ರ ನೋಡಿ ಬಣ್ಣ ಗುರುತಿಸುತ್ತಾನೆ’. ವೈದ್ಯಲೋಕ ಕೈಚೆಲ್ಲಿದ್ದನ್ನು ನಮ್ಮ ಟೋನರ್ ಮಾಡಿ ತೋರಿಸಿದೆ.

ಮೇಷ್ಟರನ್ನು ಬೈದು ಫಲವಿಲ್ಲ. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ, ಮುಂದಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಲಿ ಎಂದು ಕೇಂದ್ರ ಸರ್ಕಾರ 2022ರಲ್ಲೇ ಅಧಿಸೂಚನೆ ಹೊರಡಿಸಿದೆ. ಇಲ್ಲಿ ಇಡೀ ತಾಲ್ಲೂಕಿನ ಶಾಲೆಗಳನ್ನು ಬೆರಳೆಣಿಕೆಯ ಬಿಐಇಆರ್‌ಟಿಗಳು, ಅಂದರೆ ತಾಲ್ಲೂಕು ಮಟ್ಟದ ವಿಶೇಷ ಸಂಪನ್ಮೂಲ ಶಿಕ್ಷಕರು, ಹಂಚಿಕೊಂಡು ಓಡಾಡುತ್ತಾರೆ. ಅವರಿಗೆ ಮಕ್ಕಳ ಮುಖಕ್ಕಿಂತ ಬಸ್ಸಿನ ವೇಳಾಪಟ್ಟಿಯೇ ಹೆಚ್ಚು ಪರಿಚಯ.

ನಾಲ್ಕನೇ ತರಗತಿಯ ಒಬ್ಬ ಹುಡುಗನಿದ್ದಾನೆನ್ನಿ. ಜೂನ್‌ನಲ್ಲಿ ಬಿಸಿಯೂಟದ ತಟ್ಟೆ ಹಿಡಿದರೆ ಕೈ ನಡುಗಿ ಅರ್ಧ ಸಾಂಬಾರು ಅಂಗಿಯ ಮೇಲೆ. ಫೆಬ್ರುವರಿ ಹೊತ್ತಿಗೆ ಎರಡೂ ಅಂಗೈ ತಟ್ಟೆಯ ಅಡಿಗೆ ಕೊಟ್ಟು, ನಾಲಿಗೆ ಕಚ್ಚಿಕೊಂಡು, ಜಗಲಿಯ ಈ ತುದಿಯಿಂದ ಆ ತುದಿಗೆ ಹನಿ ಚೆಲ್ಲದೆ ಒಯ್ಯುತ್ತಾನೆ. ಉಂಡು, ನಲ್ಲಿಯಲ್ಲಿ ತೊಳೆದು, ಬೋರಲು ಹಾಕುತ್ತಾನೆ. ಇದನ್ನು ಕಂಡವರು ಅಡುಗೆಯ ಅಕ್ಕ ಒಬ್ಬರೇ. ಮೌಲ್ಯಮಾಪನ ಮಾಡಲು ಅವರಿಗೆ ಅಧಿಕಾರವಿಲ್ಲ. ತಟ್ಟೆ ಗಣಿತವೋ, ಪರಿಸರ ಅಧ್ಯಯನವೋ? ಕಾಲಂ ಇಲ್ಲ.

ಅಕ್ಕನ ಮಾತು ಕೇಳಿ ಮೇಷ್ಟರು ಷರಾ ಕಾಲಮಿನಲ್ಲಿ ಅದನ್ನೇ ಎರಡು ಸಾಲು ಬರೆದು ಕಳಿಸಿದರೆ, ವಾರದೊಳಗೆ ಹಾಳೆ ವಾಪಸು: ‘ಷರಾ ಕಾಲಂ ಕಚೇರಿಯ ಉಪಯೋಗಕ್ಕೆ ಮಾತ್ರ. ಸರಿಪಡಿಸಿ ಮೂರು ಪ್ರತಿಗಳಲ್ಲಿ ಮರುಸಲ್ಲಿಸತಕ್ಕದ್ದು.’