ಕಾರಿಗೆ ಒಗ್ಗದ ಹಿಟ್ಟು

ತುಮಕೂರಿನಲ್ಲಿ ಸಂಜೆ ಐದೂವರೆ ಆದರೆ ಸಾಕು, ಮಕ್ಕಳಿರುವ ಮನೆಗಳಲ್ಲಿ ತುರ್ತು ಪರಿಸ್ಥಿತಿ ಜಾರಿಯಾಗುತ್ತದೆ. "ಶೂ ಎಲ್ಲೋ? ಬ್ಯಾಟ್ ಎಲ್ಲೋ? ಬಾಯಿ ತೆಗಿ, ಇನ್ನೊಂದೇ ತುತ್ತು!" ತಮ್ಮ ಕ್ರಿಕೆಟ್ಟಿಗೆ, ಅಕ್ಕ ಸ್ಕೇಟಿಂಗಿಗೆ. ಎರಡೂ ಒಂದೇ ಹೊತ್ತಿಗೆ, ಊರಿನ ಎರಡು ತುದಿಯಲ್ಲಿ. ನಡುವೆ ಬಿ.ಎಚ್. ರಸ್ತೆ. ಮನೆಯವರ ರಾತ್ರಿ ಊಟ ಆಗುವುದು ಈ ರಸ್ತೆಯ ಮೇಲೆ.

2016ರಲ್ಲೇ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಊರು ನಮ್ಮದು. ಊಟ ಮಾತ್ರ ಇನ್ನೂ ಅಡುಗೆಮನೆಯಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದರೆ ಚೆನ್ನಾಗಿರಲ್ಲ ಅಲ್ವಾ? ಅದಕ್ಕೇ ಅದೂ ಗಾಲಿ ಹತ್ತಿದೆ. ಟೌನ್‌ಹಾಲ್ ಸರ್ಕಲ್ಲಿನಲ್ಲಿ ಕೆಂಪು ದೀಪ ಬಿದ್ದರೆ ಹಿಂದಿನ ಸೀಟಿಗೆ ಮೂರು ತುತ್ತು. ಹಸಿರು ಬಿತ್ತೋ, ಬಾಯಿ ಮುಚ್ಚು. ಸಿಗ್ನಲ್ ಬೀಳಲಪ್ಪಾ ದೇವರೇ ಅಂತ ಹರಕೆ ಹೊರುವ ತಾಯಂದಿರನ್ನು ನೋಡಬೇಕಾದರೆ ಇಲ್ಲಿಗೇ ಬರಬೇಕು.

ಈ ಹೊಸ ವ್ಯವಸ್ಥೆಗೆ ಸಹಕಾರ ಕೊಡದ ದ್ರೋಹಿ ಅಂದರೆ ರಾಗಿ ಮುದ್ದೆ. ನಮ್ಮ ಕಡೆ ಮುದ್ದೆಗೆ ಹಿಟ್ಟು ಅಂತಲೇ ಹೆಸರು. ಅದಕ್ಕೆ ಅಹಂಕಾರ ಜಾಸ್ತಿ. ಬಿಸಿ ಇರುವಾಗಲೇ ಉಣ್ಣಬೇಕು. ಬೆರಳಲ್ಲಿ ಮುರಿದು, ಬಸ್ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗಬೇಕು. ಅದಕ್ಕೊಂದು ತಟ್ಟೆ, ಕೂರಲು ಅಲ್ಲಾಡದ ಜಾಗ ಬೇಕು. ಕಾರಿನಲ್ಲಿ ಒಮ್ಮೆ ಪ್ರಯತ್ನಿಸಿ ನೋಡಿ. ತುತ್ತು ಗಂಟಲಿನ ಹತ್ತಿರ ಬರುವುದಕ್ಕೂ ಹಂಪ್ ಬರುವುದಕ್ಕೂ ಸರಿಹೋಗುತ್ತದೆ. ಹಿಟ್ಟು ಸೀಟಿನ ಸಂದಿಗೆ, ಸಾರು ಬಿಳಿ ಕ್ರಿಕೆಟ್ ಡ್ರೆಸ್ಸಿಗೆ. ಒಗ್ಗರಣೆಯ ಬೆಳ್ಳುಳ್ಳಿ ಜೇಬಿನಲ್ಲಿ ಸಿಕ್ಕಿದ್ದೂ ಉಂಟು.

ಸರಿ, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಇದೆಯಲ್ಲ ಅಂದಿರಾ? ಅದು ಯಾವ ಟಿಫನ್ ಬಾಕ್ಸಿಗೂ ಹಿಡಿಯಲ್ಲ. ನಾಲ್ಕಾಗಿ ಮಡಚಿ ತುರುಕಿದರೆ ಮಗು ಅದನ್ನು ಗುರುತೇ ಹಿಡಿಯಲ್ಲ.

ಕೋಚ್ ಸಾಹೇಬರು ವಾಟ್ಸಾಪ್ ಗ್ರೂಪಿಗೆ ಡಯಟ್ ಚಾರ್ಟ್ ಹಾಕಿದ್ದಾರೆ. ಬ್ರೊಕೊಲಿ, ಓಟ್ಸ್, ಬೆಣ್ಣೆ ಹಣ್ಣು, ಜೊತೆಗೆ ಡಬ್ಬಿಯ ಚಾಕೊಲೇಟ್ ಪುಡಿ, ಮೂಳೆ ಗಟ್ಟಿಯಾಗಲು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. 2024ರಿಂದ ಸರ್ಕಾರಿ ಶಾಲೆ ಮಕ್ಕಳಿಗೆ ಹಾಲಿನ ಜೊತೆ ಬಿಟ್ಟಿಯಾಗಿ ರಾಗಿ ಮಾಲ್ಟ್ ಸಿಗುತ್ತಿದೆ. ಫೀಸು ಕಟ್ಟುವವರ ಮಕ್ಕಳಿಗೆ ಅಂಥ ಭಾಗ್ಯ ಇಲ್ಲ, ಅವರಿಗೆ ಡಬ್ಬಿಯೇ ಗತಿ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅಂತ ಹಿರಿಯರು ಹೇಳುತ್ತಿದ್ದರು. ಡಬ್ಬಿ ಪುಡಿ ಕುಡಿದವನ ಕಿಟ್ ಬ್ಯಾಗನ್ನು ಅವರಪ್ಪ ಹೊರುತ್ತಿದ್ದಾರೆ.

ಇಷ್ಟೆಲ್ಲ ಓಡಿ ಹೋಗಿ ಮಗು ಅಲ್ಲಿ ಮಾಡುವುದೇನು? ಒಂದು ನೆಟ್, ಇಪ್ಪತ್ತು ಮಕ್ಕಳು. ಸರದಿ ಬಂದಾಗ ಆರು ಬಾಲ್. ಉಳಿದ ಹೊತ್ತು ಕಿಟ್ ಬ್ಯಾಗಿನ ಮೇಲೆ ಕೂತು ಚಿಪ್ಸ್. ಬೆವರು ಸುರಿಯುವುದು ಅಪ್ಪನಿಗೆ ಮಾತ್ರ, ಪಾರ್ಕಿಂಗ್ ಹುಡುಕಿ ಹುಡುಕಿ. ಎಂಟಕ್ಕೆ ಪ್ರಾಕ್ಟೀಸ್ ಮುಗಿದಾಗ ಎಲ್ಲರಿಗೂ ಹಸಿವು. ಗೇಟಿನ ಹೊರಗೆ ಗೋಬಿ ಗಾಡಿ ಕಾಯುತ್ತಿರುತ್ತದೆ. 2024ರ ಮಾರ್ಚಿನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಮಾಡಿತು. ಕೆಂಪು ಕಮ್ಮಿಯಾಯಿತು. ಕ್ಯೂ ಕಮ್ಮಿಯಾಗಲಿಲ್ಲ. ಡಯಟ್ ಚಾರ್ಟಿನ ಕರ್ತೃವೂ ಅದೇ ಕ್ಯೂನಲ್ಲಿ ಇರುತ್ತಾರೆ, ಎಕ್ಸ್‌ಟ್ರಾ ಈರುಳ್ಳಿ ಕೇಳುತ್ತಾ.

ಪಕ್ಕದ ಮನೆ ಅಜ್ಜಿಗೆ ಇದೆಲ್ಲ ತಲೆಗೇ ಹೋಗಲ್ಲ. "ನಿಮ್ಮಪ್ಪ ಬೀದೀಲಿ ಚಿನ್ನಿದಾಂಡು ಆಡೋನು ಕಣೋ ಮಗಾ. ಆಟ ಬಿಡಿಸಿ ಉಣ್ಣಕ್ಕೆ ಎಳ್ಕೊಂಡು ಬರ್ತಿದ್ದೆ. ಈಗ ನೋಡಿದ್ರೆ ಊಟ ಬಿಡಿಸಿ ಆಡಕ್ಕೆ ಎಳ್ಕೊಂಡು ಹೋಗ್ತಾರಲ್ಲೋ!" ಅನ್ನುತ್ತಾರೆ. ಅವರಿಗೇನು ಗೊತ್ತು. ಆ ಬೀದಿಯಲ್ಲಿ ಈಗ ಕಾರು ನಿಂತಿವೆ, ಮಕ್ಕಳನ್ನು ಆಟಕ್ಕೆ ಕರೆದೊಯ್ಯುವ ಕಾರು.

ಇದೇ ಊರಿನ ಸಿದ್ಧಗಂಗಾ ಮಠದಲ್ಲಿ ದಿನಾ ಸಾವಿರಾರು ಮಕ್ಕಳು ಪ್ರಾರ್ಥನೆ ಮುಗಿಸಿ ಒಟ್ಟಿಗೆ ಸಾಲಾಗಿ ಕೂತು ಉಣ್ಣುತ್ತಾರೆ. ಕ್ಯಾಲೆಂಡರ್ ಆ್ಯಪ್ ಇಲ್ಲ, ವಾಟ್ಸಾಪ್ ಗ್ರೂಪ್ ಇಲ್ಲ. ನಾಲ್ಕೇ ಜನ ಇರುವ ನಮ್ಮ ಮನೆಗಳಲ್ಲಿ ನಾಲ್ಕೂ ಜನ ಒಂದೇ ಹೊತ್ತಿಗೆ ತಟ್ಟೆ ಮುಂದೆ ಕೂರಬೇಕಾದರೆ ಯಾರಿಗಾದರೂ ಜ್ವರ ಬರಬೇಕು. ಇಲ್ಲವೇ ಜೋರು ಮಳೆ ಬಂದು ಪ್ರಾಕ್ಟೀಸ್ ಕ್ಯಾನ್ಸಲ್ ಆಗಬೇಕು. ಹಾಗೆ ಮಳೆ ಬಂದ ಸಂಜೆ ಮಕ್ಕಳ ಮುಖ ನೋಡಬೇಕು. ಏನು ಖುಷಿ ಅಂತೀರಿ!

ನಿನ್ನೆ ಗ್ರೂಪಿಗೆ ಹೊಸ ಮೆಸೇಜ್ ಬಂದಿದೆ. ಮಕ್ಕಳ ಸ್ಟ್ಯಾಮಿನಾ ತುಂಬಾ ಕಮ್ಮಿಯಾಗಿದೆಯಂತೆ, ಮನೆಯಲ್ಲಿ ನೆಟ್ಟಗೆ ಊಟ ಹಾಕುತ್ತಿಲ್ಲವಂತೆ. ಪೌಷ್ಟಿಕ ಆಹಾರದ ಬಗ್ಗೆ ಪಾಲಕರ ಸಭೆ ಇದೆ. ಶುಕ್ರವಾರ ರಾತ್ರಿ ಎಂಟೂವರೆಗೆ. ಮಕ್ಕಳ ಸಮೇತ ಬರುವುದು ಕಡ್ಡಾಯ. ಸಭೆಯ ನಂತರ ಗೋಬಿ ವ್ಯವಸ್ಥೆ ಇರುತ್ತದೆ.