ಸೀರೆಯ ಬಣ್ಣದಲ್ಲಿ ಸೈನೈಡ್ ಇಲ್ಲ: ಒಂದು ಸ್ಪಷ್ಟನೆ

ಗದಗ-ಬೆಟಗೇರಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಹತ್ತಿ ಸೀರೆಗೆ ಹಾಕುವ ರಿಯಾಕ್ಟಿವ್ ಬಣ್ಣದಲ್ಲಿ (ನೂಲಿನ ಜೊತೆ ರಾಸಾಯನಿಕವಾಗಿ ಬೆಸೆಯುವ ಬಣ್ಣ) ಸಯನ್ಯೂರಿಕ್ ಕ್ಲೋರೈಡ್ ಇದೆ, ಅದು ಸೈನೈಡ್, ಬೆವರು ತಾಗಿದರೆ ವಿಷ ಬಿಡುತ್ತದೆ ಅಂತ. ಇದು ತಪ್ಪು.

ಸಯನ್ಯೂರಿಕ್ ಕ್ಲೋರೈಡ್ ಅಂದರೆ ಮೂರು ಕಾರ್ಬನ್, ಮೂರು ನೈಟ್ರೋಜನ್ ಸೇರಿದ ಉಂಗುರ. ಪ್ರತಿ ಕಾರ್ಬನ್ನಿಗೂ ಒಂದು ಕ್ಲೋರಿನ್. ಸೈನೈಡ್ ಇಲ್ಲ. ಮೂರೂ ಕ್ಲೋರಿನ್ ಒಟ್ಟಿಗೇ ಕಳಚುವುದಿಲ್ಲ, ಅದೇ ಇದರ ಹೆಚ್ಚುಗಾರಿಕೆ. ಮೊದಲನೆಯದು 0–5 ಡಿಗ್ರಿ ತಂಪಿನಲ್ಲೇ ಬಿಡುತ್ತದೆ. ಉಳಿದವಕ್ಕೆ ಒಂದಕ್ಕಿಂತ ಒಂದಕ್ಕೆ ಜಾಸ್ತಿ ಬಿಸಿ ಬೇಕು. ಹಾಗಾಗಿ ಕಾರ್ಖಾನೆಯಲ್ಲಿ ಒಂದು ಕಡೆ ಬಣ್ಣದ ಅಣು ಜೋಡಿಸಿ, ಇನ್ನೊಂದು ಕ್ಲೋರಿನ್ನನ್ನು ನೂಲಿಗೆಂದೇ ಉಳಿಸುತ್ತಾರೆ. ಬಟ್ಟೆ ಸೋಡಾ ಹಾಕಿದ ಬಣ್ಣದ ತೊಟ್ಟಿಯಲ್ಲಿ ಅದು ಕಳಚುತ್ತದೆ, ಬಣ್ಣ ಹತ್ತಿಗೆ ಗಟ್ಟಿಯಾಗಿ ಬೆಸೆಯುತ್ತದೆ. 1956ರಲ್ಲಿ ಬಂದ ಪ್ರೋಸಿಯಾನ್ ಎಂಬ ಹೆಸರಿನ ಬಣ್ಣಗಳಿಂದ ಈ ಪದ್ಧತಿ ಶುರುವಾಯಿತು. ಮೊದಲ ಒಗೆತದಲ್ಲಿ ಹೋಗುವುದು ನೂಲಿಗೆ ಹತ್ತದೆ ಉಳಿದ ಬಣ್ಣ, ಅಷ್ಟೇ.



ಹಾಗಂತ ಮೂಲ ರಾಸಾಯನಿಕವಾದ ಸಯನ್ಯೂರಿಕ್ ಕ್ಲೋರೈಡ್ ಸಾಧುವಲ್ಲ. ಕಣ್ಣು, ಮೂಗು ಉರಿಸುತ್ತದೆ. ನೀರು ತಾಗಿದರೆ ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ. ಆದರೆ ಅದು ಇರುವುದು ಬಣ್ಣ ತಯಾರಿಸುವ ಕಾರ್ಖಾನೆಯಲ್ಲಿ, ನೀವು ಉಟ್ಟ ಸೀರೆಯಲ್ಲಲ್ಲ. ಬಣ್ಣ ಹಾಕುವ ಅಣ್ಣಂದಿರು, ಅಕ್ಕಂದಿರು ನಿಜವಾಗಿ ಎಚ್ಚರ ವಹಿಸಬೇಕಾದ್ದು ಪುಡಿಯ ಧೂಳಿನ ಬಗ್ಗೆ. ಅದರಿಂದ ಕೆಲವರಿಗೆ ದಮ್ಮು ಬರುತ್ತದೆ. ಪುಡಿ ತೂಗುವಾಗ ಮಾಸ್ಕ್ ಹಾಕಿಕೊಳ್ಳಿ.

ಆ ಮೆಸೇಜ್ ದಯವಿಟ್ಟು ಮುಂದೆ ಕಳಿಸಬೇಡಿ. ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.