ಉಗುಳಬೇಡಿ ಅಂದರು ಡಾಕ್ಟರು

ಶಿರಸಿ ಸೀಮೆಯಲ್ಲಿ ಹಲ್ಲು ಕೀಳಿಸಲಿಕ್ಕೆ ಸರಿಯಾದ ಕಾಲ ಅಂತ ಒಂದಿಲ್ಲ. ಬೇಸಿಗೆಯಲ್ಲಿ ಮದುವೆ, ಮುಂಜಿ, ಅಂಗಳದ ತುಂಬ ಹಲಸಿನ ಹಪ್ಪಳ. ಮಳೆ ಹಿಡಿದರೆ ಅದೇ ಹಪ್ಪಳ ಸುಟ್ಟು ಕಾಯಿಚೂರಿನ ಜೊತೆ ತಿನ್ನುವ ಕಾಲ. ಚೌತಿ ಹತ್ತಿರ ಬಂದರೆ ಚಕ್ಕುಲಿ ಕಂಬಳ. ಊರಿನವರೆಲ್ಲ ಸೇರಿ ಕೈಯಲ್ಲೇ ಸುತ್ತಿದ ಚಕ್ಕುಲಿ, ಕಚ್ಚಿದರೆ ಪಕ್ಕದ ಮನೆಗೆ ಕೇಳಬೇಕು. ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ ಆಲೆಮನೆ, ತೊಡದೇವು. ಇದೆಲ್ಲದರ ನಡುವೆ ಮೂರು ಹೊತ್ತೂ ಕವಳ, ಅಂದರೆ ಎಲೆ ಅಡಿಕೆ. ಬಾಯಿಗೆ ರಜೆ ಎಲ್ಲಿಂದ ತರೋದು?

ಹಾಗಾಗಿ ಬುದ್ಧಿ ಹಲ್ಲಿನ ಕೆಲಸವನ್ನು ನಾವು ಮುಂದೆ ಹಾಕುತ್ತಲೇ ಇರುತ್ತೇವೆ. ಸಾಮಾನ್ಯವಾಗಿ 17ರಿಂದ 25 ವರ್ಷದೊಳಗೆ ದವಡೆಯ ಕೊನೆಯಲ್ಲಿ ಬರುವ ಹಲ್ಲು ಅದು. ಕೆಲವರಿಗೆ ನಾಲ್ಕೂ ನೆಟ್ಟಗೆ ಬಂದು ಸುಮ್ನೆ ಇರುತ್ತವೆ, ಅಂಥವನ್ನು ಮುಟ್ಟುವ ಅಗತ್ಯವೇ ಇಲ್ಲ. ಕೆಲವರಿಗೆ ಬರುವುದೇ ಇಲ್ಲ, ಪುಣ್ಯವಂತರು. ಉಳಿದವರಿಗೆ ಜಾಗ ಸಾಲದೆ ಮುಂದಿನ ಹಲ್ಲಿಗೆ ಒರಗಿಕೊಂಡು, ಅರ್ಧ ವಸಡಿನೊಳಗೆ ಅರ್ಧ ಹೊರಗೆ ನಿಂತುಬಿಡುತ್ತದೆ. ಆ ವಸಡಿನ ಅಡಿಗೆ ಅನ್ನ ಸೇರುತ್ತದೆ, ಅಡಿಕೆ ಚೂರು ಸೇರುತ್ತದೆ, ಕೊಳೆತು ಊದಿಕೊಳ್ಳುತ್ತದೆ. ಲವಂಗ ಇಟ್ಟರೆ ಕಡಿಮೆ. ಸ್ವಲ್ಪ ದಿನಕ್ಕೆ ಮತ್ತೆ ಶುರು. ಅಡುಗೆಮನೆಯ ಲವಂಗದ ಡಬ್ಬಿ ಖಾಲಿಯಾದ ಮೇಲೆ ಶಿರಸಿ ಪೇಟೆಯ ಬಸ್ಸು ಹತ್ತುವುದು.

ಡಾಕ್ಟರು ಮೊದಲು ಎಕ್ಸ್‌ರೇ ತೆಗೆಸುತ್ತಾರೆ. ನಾವು ನಿಂತಿರುತ್ತೇವೆ, ಯಂತ್ರವೇ ತಲೆಗೆ ಪ್ರದಕ್ಷಿಣೆ ಹಾಕುತ್ತದೆ. ಎರಡೂ ದವಡೆ ಒಂದೇ ಚಿತ್ರದಲ್ಲಿ. ಕೆಳಗಿನ ಹಲ್ಲಿನ ಬೇರಿನ ಹತ್ತಿರವೇ ತುಟಿಗೆ ಹೋಗುವ ನರ ಇರುತ್ತದೆ, ಅವರು ನೋಡುವುದು ಅದನ್ನೇ. ಮೇಲಿನ ಹಲ್ಲು ಸಾಮಾನ್ಯವಾಗಿ ಸಲೀಸು. ಆಮೇಲೆ ಬಾಯಿ ತೆಗೆಸಿ, ಮೂರು ಬೆರಳು ಒಟ್ಟಿಗೆ ಹಿಡಿಸುತ್ತದೋ ಇಲ್ಲವೋ ನೋಡಿ, ಕೇಳುತ್ತಾರೆ: "ಕವಳ ಹಾಕ್ತೀರಾ?"

ತೋಟದ ಮನೆಯವರನ್ನು ಕೇಳುವ ಪ್ರಶ್ನೆಯೇ ಇದು? ಆದರೆ ಕಾರಣ ಇದೆ. ವರ್ಷಗಟ್ಟಲೆ ಅಡಿಕೆ ಅಗಿದರೆ ಕೆನ್ನೆಯ ಒಳಗಿನ ಪೊರೆ ಬಿಗಿದುಕೊಂಡು ಬಾಯಿ ಪೂರ್ತಿ ತೆರೆಯದ ಹಾಗೆ ಆಗಬಹುದು. ತಂಬಾಕು ಸೇರಿಸದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ನಮ್ಮ ಕಡೆ ಈ ಸುದ್ದಿ ಬಂದ ದಿನ ಪೇಪರ್ ಬೇಗ ಮಡಚಿ ಇಡುತ್ತಾರೆ. ನಾನೂ ಆ ವಿಷಯ ಇಲ್ಲಿಗೇ ಮಡಚುತ್ತೇನೆ.

ಕೀಳುವುದು ಅಂಥ ದೊಡ್ಡ ಕಥೆಯಲ್ಲ. ಸೂಜಿ ಚುಚ್ಚುವಾಗ ಉರಿಯುತ್ತದೆ. ಸ್ವಲ್ಪ ಹೊತ್ತಿಗೆ ಅರ್ಧ ತುಟಿ, ಅರ್ಧ ನಾಲಿಗೆ ನಮ್ಮದಲ್ಲ. ನೋವು ಗೊತ್ತಾಗುವುದಿಲ್ಲ, ಒತ್ತುವುದು ಗೊತ್ತಾಗುತ್ತದೆ. ಸತ್ತ ಅಡಿಕೆ ಮರದ ಬುಡಕ್ಕೆ ಹಾರೆ ಹಾಕಿ ಮೀಟಿದ ಹಾಗೆ. ಅಡ್ಡ ಮಲಗಿದ ಹಲ್ಲಾದರೆ ವಸಡು ಕೊಯ್ದು, ಹಲ್ಲನ್ನು ತುಂಡು ಮಾಡಿ ತೆಗೆಯುತ್ತಾರೆ. ಆ ಶಬ್ದ ಕಿವಿಯಿಂದ ಬರುವುದಲ್ಲ, ತಲೆಬುರುಡೆಯ ಒಳಗಿಂದಲೇ ಬರುತ್ತದೆ. ಹೆದರಿಸುವುದು ಅದೊಂದೇ.

ಹೊಲಿಗೆ ಹಾಕಿ, ಹತ್ತಿಬಟ್ಟೆ ಕಚ್ಚಿಸಿ, ಡಾಕ್ಟರು ಹೇಳುವ ಮಾತು ಕೇಳಿ: "ಇವತ್ತು ಉಗುಳಬೇಡಿ." ಶಿರಸಿಯಲ್ಲಿ! ಹಲ್ಲು ಕಿತ್ತ ಗುಂಡಿಯಲ್ಲಿ ರಕ್ತ ಹೆಪ್ಪುಗಟ್ಟಿ ಕೂರಬೇಕು. ಕೆಳಗಿನ ಮೂಳೆಗೂ ನರಕ್ಕೂ ಅದೇ ಮುಚ್ಚಳ. ಉಗುಳಿದರೆ ಕಿತ್ತು ಬರುತ್ತದೆ, ಜೋರಾಗಿ ಮುಕ್ಕಳಿಸಿದರೂ ಅಷ್ಟೇ. ಸ್ಟ್ರಾ ಹಾಕಿ ಎಳೆದರೂ ಏಳುತ್ತದೆ, ಆದ್ದರಿಂದ ಎಳನೀರನ್ನು ಲೋಟಕ್ಕೆ ಹೊಯ್ದುಕೊಂಡೇ ಕುಡಿಯಬೇಕು. ಬೀಡಿ ಸಿಗರೇಟು ಕೇಳಲೇಬೇಡಿ. ಮೊದಲ ದಿನ ಕೆನ್ನೆಯ ಹೊರಗಿಂದ ಐಸ್ ಇಡುವುದು, ಮಾತ್ರೆ ನುಂಗುವುದು, ಉಳಿದಂತೆ ಏನೂ ಮಾಡದೆ ಇರುವುದು. ಇಡೀ ಚಿಕಿತ್ಸೆಯಲ್ಲಿ ಕಷ್ಟದ ಭಾಗ ಈ ಏನೂ ಮಾಡದಿರುವುದೇ. ಯಾಕೆಂದರೆ ಮನೆಗೆ ಜನ ಬರುತ್ತಾರೆ.

"ಎಂತಾ ಆತಾ ತಮಾ?" ಅಂತ ಒಬ್ಬರು ಜಗಲಿಗೆ ಬಂದು ಕೂರುತ್ತಾರೆ. ಉತ್ತರ ಹೇಳಲು ಬಾಯಲ್ಲಿ ಹತ್ತಿ. ಮಾತಾಡಲಾಗದ ಮನುಷ್ಯ ಸಿಕ್ಕಿದ ಸಂತೋಷಕ್ಕೆ ಅವರು ತಮ್ಮ ಹಲ್ಲುಗಳ ಚರಿತ್ರೆಯನ್ನೆಲ್ಲ ಹೇಳುತ್ತಾರೆ. ಇನ್ನೊಬ್ಬರು ಹುಬ್ಬಳ್ಳಿಗೇ ಹೋಗಬೇಕಿತ್ತು ಅನ್ನುತ್ತಾರೆ, ಕಿತ್ತಾದ ಮೇಲೆ. ಮತ್ತೊಬ್ಬರು ಈಗಲೇ ಉಪ್ಪುನೀರು ಮುಕ್ಕಳಿಸು ಅನ್ನುತ್ತಾರೆ. ಕವಳದ ಬಟ್ಟಲು ಮುಂದೆ ಸರಿಸಿ "ಒಂದು ಹಾಕು, ರಕ್ತ ನಿಲ್ತು" ಅನ್ನುವವರೂ ಇದ್ದಾರೆ.

ಕವಳ ಒಂದು ಬಿಟ್ಟರೆ ಇವರ ಮದ್ದೆಲ್ಲ ಸುಳ್ಳಲ್ಲ, ಹೊತ್ತು ತಪ್ಪಿದ್ದು. ಬೆಚ್ಚಗಿನ ಉಪ್ಪುನೀರು ಡಾಕ್ಟರೂ ಹೇಳುತ್ತಾರೆ, 24 ತಾಸು ಕಳೆದ ಮೇಲೆ, ಅದೂ ಮೆಲ್ಲಗೆ. ಲವಂಗದ ಮಾತೂ ಸುಳ್ಳಲ್ಲ, ಅದಕ್ಕೆ ಈಗ ಬರುತ್ತೇನೆ. ಊತ ಎರಡು ಮೂರನೇ ದಿನಕ್ಕೆ ಏರಿ ಆಮೇಲೆ ಇಳಿಯಬೇಕು. ಅದರ ಬದಲು ಮೂರು ನಾಲ್ಕನೇ ದಿನಕ್ಕೆ ಕಿವಿಯವರೆಗೆ ಎಳೆಯುವ ಹೊಸ ನೋವು, ಬಾಯಲ್ಲಿ ಕೆಟ್ಟ ವಾಸನೆ ಶುರುವಾದರೆ ಹೆಪ್ಪು ಹೋಗಿದೆ ಅಂತ ಅರ್ಥ, ತಡಮಾಡದೆ ಡಾಕ್ಟರ ಹತ್ತಿರ ಹೋಗಬೇಕು. ಅವರು ಆ ಗುಂಡಿಗೆ ಇಡುವ ಮದ್ದಿನಲ್ಲಿ ಹೆಚ್ಚಾಗಿ ಇರುವುದು ಯೂಜಿನಾಲ್. ಲವಂಗದ ಎಣ್ಣೆಯ ಮುಖ್ಯ ಅಂಶವೇ ಅದು. ಅಜ್ಜಿಯ ಡಬ್ಬಿಯೇ, ಬಿಲ್ಲು ಬೇರೆ.

ಊಟದ ವಿಷಯದಲ್ಲಿ ಮಾತ್ರ ನಮ್ಮ ಸೀಮೆಯಷ್ಟು ಅನುಕೂಲ ಎಲ್ಲೂ ಇಲ್ಲ. ಒಂದೆಲಗದ ತಂಬುಳಿ ನೋಡಿ: ತಣ್ಣಗೆ, ನುಣ್ಣಗೆ, ಖಾರವಿಲ್ಲ, ಅಗಿಯಬೇಕಿಲ್ಲ. ಮೆತ್ತಗಿನ ಅನ್ನಕ್ಕೆ ಕಲೆಸಿ ಇನ್ನೊಂದು ದವಡೆಯಿಂದ ನುಂಗಿದರಾಯಿತು. ಅಪ್ಪೆಹುಳಿ ಬೇಡ. ಆಸೆಯಾಗುತ್ತದೆ, ಆದರೆ ಆ ಹುಳಿ ಖಾರ ಗಾಯಕ್ಕೆ ತಾಗಿದರೆ ಗೊತ್ತಾಗುತ್ತದೆ.

ವಾರಕ್ಕೆ ಹೊಲಿಗೆ ಬಿಚ್ಚುತ್ತಾರೆ, ಕರಗುವ ದಾರವಾದರೆ ಅದೂ ಇಲ್ಲ. ಅಷ್ಟರಲ್ಲಿ ಬಾಯಿ ಮತ್ತೆ ತೆರೆಯತೊಡಗುತ್ತದೆ. ಅಪರೂಪಕ್ಕೆ ಕೆಲವರಿಗೆ ತುಟಿ ಜುಮುಜುಮು ಅನ್ನುವುದು ಇನ್ನಷ್ಟು ದಿನ ಉಳಿಯುತ್ತದೆ, ಅದನ್ನು ಡಾಕ್ಟರಿಗೆ ಹೇಳಬೇಕು. ವಸಡು ಕೂಡಿದರೂ ಗುಂಡಿಯಲ್ಲಿ ಮೂಳೆ ತುಂಬಲಿಕ್ಕೆ ತಿಂಗಳುಗಳೇ ಬೇಕು. ಮೊದಲ ಕೆಲವು ವಾರ ಉಂಡಾದ ಮೇಲೆ ಒಂದು ಅಗುಳು ಅಲ್ಲೇ ಹೋಗಿ ಕೂರುತ್ತದೆ. ಅದನ್ನು ತೊಳೆಯಲಿಕ್ಕೆ ಡಾಕ್ಟರು ಸೂಜಿಯಿಲ್ಲದ ಸಿರಿಂಜ್ ಕೊಟ್ಟಿರುತ್ತಾರೆ. ಮನೆಯಲ್ಲಿ ಮಕ್ಕಳಿದ್ದರೆ ಎತ್ತರದಲ್ಲಿ ಇಡಿ. ಇಲ್ಲವಾದರೆ ನಿಮ್ಮ ಕೈಗೆ ಸಿಗುವುದರೊಳಗೆ ಅವರು ಬೆಕ್ಕಿಗೆ ನೀರು ಹಾರಿಸಿ ಮುಗಿದಿರುತ್ತದೆ.